ರೆಕ್ಕೆಯೆಲುಬು

ಪೀಪಾಯಿಗೆ ಓಕ್ ಹಲಗೆ ಸೀಳುವ ಮಿಲ್ಲು
ಮೂವತ್ತೊಂದು ವರ್ಷದಲ್ಲಿ ವರ್ಲನ್ ಮಾವನ
ಎರಡೂ ಕಿವಿಗಳನ್ನು ಹೊಟ್ಟಿನ ಜೊತೆ ಗುಡಿಸಿಬಿಟ್ಟಿತು.
ಉಳಿದದ್ದು ಕೈ, ಕಣ್ಣು, ತುಟಿ.
ಹೇಟೆಯ ಹಾಗೆ ಕರೆಯಲಿಕ್ಕೆ ತುಟಿ ಸಾಕು, ಅನ್ನುತ್ತಾನೆ.
ಕೇಳಲಿಕ್ಕೆ ನಾನಿದ್ದೇನೆ.

ಏಪ್ರಿಲ್. ಓಝಾರ್ಕ್ ಗುಡ್ಡಗಳಲ್ಲಿ ಇನ್ನೂ ಕತ್ತಲು.
ಒಂದೇ ಮರಕ್ಕೆ ಬೆನ್ನು ಕೊಟ್ಟು ಇಬ್ಬರು,
ಕೂತಲ್ಲಿ ತೇವ, ಬಾಯಲ್ಲಿ ಆರಿದ ಕಾಫಿಯ ಒಗರು,
ನನ್ನ ಕೈ ಅವನ ಮೊಣಕಾಲ ಮೇಲೆ.
ನಮ್ಮದೊಂದು ಲಿಪಿಯಿದೆ:
ಒಂದು ಒತ್ತು, ಕೂಗಿತು, ದೂರ.
ಎರಡು, ಹತ್ತಿರ.
ಉಗುರು ಊರಿದರೆ ಉಸಿರೂ ಬೇಡ.

ಗೂಬೆ ಕೇಳಿತು, ಯಾರಲ್ಲಿ?
ರೆಂಬೆ ಮೇಲಿನ ಹುಂಜಕ್ಕೆ ತಡೆಯಲಾಗಲಿಲ್ಲ.
ಮುಂಗೋಪಿಗಳೇ ಹಾಗೆ,
ತಮ್ಮನ್ನು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಾರೆ:
ಗಳಗಳಗಳ ಗಳಗಳ,
ಖಾಲಿ ಡ್ರಮ್ಮಿನೊಳಗೆ ಗೋಲಿ ಸುರಿದಂತೆ.
ಕಣಿವೆಯೆಲ್ಲ ಅದುರಿತು. ಮಾವ ಮಾತ್ರ
ಡಾಗ್‌ವುಡ್ ಹೂವು ಬೆಳ್ಳಗಾಗುವುದನ್ನು ನೋಡುತ್ತಾ ಕೂತಿದ್ದ.
ಒಂದು ಒತ್ತಿದೆ.

ಎಲುಬಿನ ಕೊಳವೆ ತುಟಿಗಿಟ್ಟು
ಊದಲಿಲ್ಲ, ಹೀರಿದ, ಮುತ್ತಿಡುವ ಹಾಗೆ.
ಕ್ಯೋಂ, ಕ್ಯೋಂ, ಕ್ಯೋಂ.
ತನಗೇ ಕೇಳದ ಹೆಣ್ಣುದನಿಯಲ್ಲಿ
ಬಾ ಅಂದ, ಅವಸರವೇನಿಲ್ಲ ಅಂದ,
ಆಮೇಲೆ ಸುಮ್ಮನಾದ.
ಸುಮ್ಮನಿರುವುದೇ ಕರೆಯ ಮುಕ್ಕಾಲು ಪಾಲು,
ಇದನ್ನು ಅವನು ಕಿವಿಯಿದ್ದಾಗಲೇ ಕಲಿಸಿದ್ದು.

ನಲವತ್ತು ನಿಮಿಷ. ನನ್ನ ಕತ್ತಿನಲ್ಲಿ ಇರುವೆ.
ಎರಡು ಒತ್ತಿದೆ.
ಆಮೇಲೆ ಉಗುರು.

ಬಂದ. ಎದೆಯಿಂದ ಗಡ್ಡ ಜೋತುಬಿಟ್ಟು,
ನೀಲಿ ತಲೆ ಕೆಂಪಾಗಿ, ಕೆಂಪು ಬೆಳ್ಳಗಾಗಿ,
ಬಾಲ ಬಿಚ್ಚಿ, ರೆಕ್ಕೆಯ ತುದಿಯಿಂದ ತರಗೆಲೆ ಗೀರುತ್ತಾ,
ಮದುವೆಗೆ ತಡವಾದರೂ ಓಡಲೊಲ್ಲದ ಮದುಮಗ.
ಅವನ ಎದೆಯೊಳಗಿಂದ ಒಂದು ಗುಂ.
ಅದು ಕೇಳುವುದಲ್ಲ, ತಾಗುವುದು.
ನಾನು ಒತ್ತದೆಯೇ ಮಾವ ತಲೆಯಾಡಿಸಿದ.
ಅದೊಂದು ಅವನಿಗೆ ಸಿಕ್ಕಿತ್ತು, ಪಕ್ಕೆಲುಬಿನಲ್ಲಿ.
ಇವತ್ತು ಗುಂಡು ಹಾರಿಸುವುದಿಲ್ಲ ಅಂದುಕೊಂಡೆ.
ಹಾರಿಸಿದ.

ಇಪ್ಪತ್ತೊಂದು ಪೌಂಡು. ಹಿಂದಿನ ಮೆಟ್ಟಿಲ ಮೇಲೆ
ಮೊದಲು ಮೇವಿನ ಚೀಲ ಬಿಡಿಸಿದೆ.
ಪ್ರೇಮದ ದಿನಗಳಲ್ಲಿ ಊಟ ಕಡಿಮೆ:
ಎರಡು ಓಕ್ ಕಾಯಿ, ಒಂದಿಷ್ಟು ಕ್ಲೋವರ್ ಸೊಪ್ಪು,
ಇನ್ನೂ ಕಾಲಾಡಿಸುತ್ತಿದ್ದ ಒಂದು ಜೀರುಂಡೆ.
ಅದನ್ನು ಹುಲ್ಲಿಗೆ ಬಿಟ್ಟೆ.

ಎದೆಮಾಂಸ ಎಳೆಗೆ ಅಡ್ಡ ಕೊಯ್ದು ರಾತ್ರಿಯಿಡೀ ಮಜ್ಜಿಗೆಯಲ್ಲಿ.
ಮರುದಿನ ಹಿಟ್ಟು, ಕರಿಮೆಣಸು, ಬೀಡಿನ ಬಾಣಲೆಯಲ್ಲಿ ಹಂದಿಕೊಬ್ಬು.
ಚುರ್ ಅಂದಿತು.
ಅಂದಿತೇ? ಎಂದ.
ಮೊಣಕಾಲು ದೂರವಿತ್ತು, ಕತ್ತು ಆಡಿಸಿದೆ.
ತೊಡೆಗಳದು ಬೇರೆ ಕಥೆ. ಗುಡ್ಡ ಹತ್ತಿದ ಕಾಲು, ತಂತಿಯಂಥ ನರ,
ಈರುಳ್ಳಿಯ ಜೊತೆ ನಾಲ್ಕು ಗಂಟೆ ಬೇಯಬೇಕು.
ಮಾವ ಮರದ ಸೌಟನ್ನು ಪಾತ್ರೆಯ ಮುಚ್ಚಳಕ್ಕೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ನಿಂತ, ಕಣ್ಣು ಮುಚ್ಚಿ,
ಪೈಪ್ ಸೇದುವವನ ಹಾಗೆ.
ತೆಗೆದು ಹೇಳಿದ, ಕುದಿ ಜೋರಾಗಿದೆ, ಉರಿ ಇಳಿಸು.
ಹೌದು, ಜೋರಾಗಿತ್ತು.

ತಿಂದೆವು. ಮಾಂಸದೊಳಗುಳಿದ ಒಂದು ಚರೆ
ಅವನ ತಟ್ಟೆಗೆ ಬಿದ್ದು ಟಿಣ್ ಎಂದಿತು.
ನಾನೊಬ್ಬಳೇ ಕೇಳಿದೆ.

ರೆಕ್ಕೆಯ ಮೂರು ಎಲುಬು ಬೇಯಿಸಿ, ಮಜ್ಜೆ ತೆಗೆದು,
ಉಜ್ಜಿ, ಒಂದರೊಳಗೊಂದು ತೂರಿಸಿ, ಅಂಟು ಹಾಕಿ,
ಭಾನುವಾರ ನನ್ನ ಮುಂದಿಟ್ಟ. ನಿನಗೆ.
ಹೇಟೆಯ ಎಲುಬಾದರೆ ದನಿ ಸರಿಯಾಗಿ ಕೂರುತ್ತದೆ,
ವಸಂತದಲ್ಲಿ ಹೇಟೆಯನ್ನು ಹೊಡೆಯುವಂತಿಲ್ಲ.
ಹೀರಿದೆ.
ನೆಗಡಿ ಹಿಡಿದ ಗಂಡಸು ಹೆಂಗಸನ್ನು ಅಣಕಿಸಿದ ಹಾಗೆ.
ಬಾಗಿಲಲ್ಲಿದ್ದ ನಾಯಿ ಎದ್ದು
ಬೇರೆ ಕಡೆ ಹೋಗಿ ಮಲಗಿತು.

ಹೇಗಿದೆ? ಎಂದ, ನನ್ನ ತುಟಿಯನ್ನೇ ನೋಡುತ್ತಾ.
ತುಟಿಯ ಸುಳ್ಳನ್ನು ಅವನು ಓದಬಲ್ಲ.
ಮೇಜಿನಡಿ ಕೈ ಚಾಚಿ
ಎರಡು ಒತ್ತಿದೆ.